ಶ್ರಮದಾನ, ಬಿಟ್ಟಿ ಚಾಕರಿ ಮತ್ತು ಎರಡು ಕ್ರೆಡಿಟ್

ಪ್ರತಿ ವರ್ಷ ಸೆಪ್ಟೆಂಬರ್ 24ರಂದು ನಮ್ಮ ಕಾಲೇಜುಗಳು ಎನ್ನೆಸ್ಸೆಸ್ ದಿನ ಆಚರಿಸುತ್ತವೆ. ಬ್ಯಾನರು ಕಟ್ಟಿ, ದೀಪ ಹಚ್ಚಿ, ಕೋನಾರ್ಕದ ರಥದ ಚಕ್ರವಿರುವ ಬ್ಯಾಡ್ಜು ಹಂಚಿ, 'ನನಗಲ್ಲ, ನಿನಗೆ' ಎಂಬ ಧ್ಯೇಯವಾಕ್ಯ ಹೇಳಿಸುತ್ತಾರೆ. 1969ರ ಆ ದಿನ, ಗಾಂಧಿ ಜನ್ಮಶತಾಬ್ದಿಯ ವರ್ಷದಲ್ಲಿ, ಕೇಂದ್ರ ಶಿಕ್ಷಣ ಮಂತ್ರಿಯಾಗಿದ್ದ ವಿ.ಕೆ.ಆರ್.ವಿ. ರಾವ್ ಅವರು 37 ವಿಶ್ವವಿದ್ಯಾಲಯಗಳ 40 ಸಾವಿರ ವಿದ್ಯಾರ್ಥಿಗಳನ್ನು ಸೇರಿಸಿಕೊಂಡು ರಾಷ್ಟ್ರೀಯ ಸೇವಾ ಯೋಜನೆಯನ್ನು ಶುರುಮಾಡಿದರು. ಅದೇ ಸೆಪ್ಟೆಂಬರ್ 24, ಅದಕ್ಕೆ 37 ವರ್ಷ ಹಿಂದೆ, 1932ರಲ್ಲಿ, ಯರವಾಡ ಜೈಲಿನಲ್ಲಿ ಪೂನಾ ಒಪ್ಪಂದಕ್ಕೆ ಸಹಿ ಬಿದ್ದ ದಿನ. ಪ್ರತ್ಯೇಕ ಮತಕ್ಷೇತ್ರವನ್ನು ಬಾಬಾಸಾಹೇಬರು ಕೈಬಿಡಬೇಕಾಗಿ ಬಂದ ದಿನ.

ತಾರೀಖು ಕೂಡಿಬಂದದ್ದು ಆಕಸ್ಮಿಕ. ಅದರ ಹಿಂದೆ ಯಾರದೋ ಸಂಚು ಹುಡುಕುವ ಇರಾದೆ ನನಗಿಲ್ಲ. ಆದರೆ ಆ ಎರಡು ದಿನಗಳ ನಡುವೆ ಒಂದು ದಾರಿ ಇದೆ. ಅದು ಪುಣೆಯಿಂದ ಹೊರಟು ಮುಂಬೈ, ದೆಹಲಿ ಹಾಯ್ದು ಮೈಸೂರು ರಸ್ತೆಯ ಜ್ಞಾನಭಾರತಿಗೆ ಬರುತ್ತದೆ. ಅಲ್ಲಿಂದ ಶ್ರೀರಾಮಪುರ, ಲಗ್ಗೆರೆ, ಕೆಂಗೇರಿಯ ಕೇರಿ ಕಾಲೊನಿಗಳಿಗೆ ಬಂದು ಮುಟ್ಟುತ್ತದೆ. ಪಠ್ಯದ ಭಾಗವಾಗಿ ಕಾಲೇಜು ಹುಡುಗ ಹುಡುಗಿಯರು ನಮ್ಮ ಬೀದಿಗಳಿಗೆ 'ಸೇವೆ' ಮಾಡಲು ಬರುವ ಪದ್ಧತಿಯ ಚರಿತ್ರೆಯನ್ನು ಈ ದಾರಿಯಲ್ಲೇ ನಡೆದು ನೋಡಬೇಕೆಂದು ನನಗನ್ನಿಸುತ್ತದೆ. ದಲಿತ ವಿಮರ್ಶೆ ಕತೆ ಕಾದಂಬರಿ ಕವಿತೆಗಳನ್ನು ಸಾಕಷ್ಟು ಓದಿದೆ. ಸಿಲಬಸ್ಸನ್ನೂ ಸರ್ಕ್ಯುಲರನ್ನೂ ಅಷ್ಟೇ ಶ್ರದ್ಧೆಯಿಂದ ಓದುವ ಕೆಲಸ ಬಾಕಿ ಉಳಿದಿದೆ.

ಒಪ್ಪಂದ ಆಗಿ ಆರೇ ದಿನಕ್ಕೆ, 1932ರ ಸೆಪ್ಟೆಂಬರ್ 30ರಂದು, ಮುಂಬೈಯಲ್ಲಿ ಮದನಮೋಹನ ಮಾಳವೀಯರ ಅಧ್ಯಕ್ಷತೆಯಲ್ಲಿ ಸಭೆ ಸೇರಿ ಅಸ್ಪೃಶ್ಯತಾ ವಿರೋಧಿ ಸಂಘವೊಂದನ್ನು ಕಟ್ಟಲಾಯಿತು. ಜಿ.ಡಿ. ಬಿರ್ಲಾ ಅಧ್ಯಕ್ಷರು, ಅಮೃತಲಾಲ ಠಕ್ಕರ್ ಕಾರ್ಯದರ್ಶಿ. ಹರಿಜನ ಸೇವಕ ಸಂಘ ಎಂಬ ಹೆಸರು ಬಂದದ್ದು ಆಮೇಲೆ. ಮೂರನೇ ದುಂಡುಮೇಜಿನ ಪರಿಷತ್ತಿಗೆಂದು ಹಡಗು ಹತ್ತಿದ್ದ ಅಂಬೇಡ್ಕರ್ ಆ ನವೆಂಬರ್ 14ರಂದು ಹಡಗಿನಿಂದಲೇ ಠಕ್ಕರ್ ಅವರಿಗೆ ಒಂದು ಉದ್ದ ಕಾಗದ ಬರೆದರು. ನಮ್ಮ ವಿಷಯಕ್ಕೆ ಇದಕ್ಕಿಂತ ಮುಖ್ಯವಾದ ದಾಖಲೆ ಇನ್ನೊಂದಿಲ್ಲ. ಅಸ್ಪೃಶ್ಯರ ಏಳಿಗೆಗೆ ಎರಡು ದಾರಿಗಳನ್ನು ಅವರು ಅಲ್ಲಿ ಬೇರೆ ಬೇರೆ ಮಾಡಿ ಇಡುತ್ತಾರೆ. ಒಂದು, ಅಸ್ಪೃಶ್ಯ ವ್ಯಕ್ತಿಯನ್ನು ತಿದ್ದುವ ದಾರಿ: ಕುಡಿತ ಬಿಡಿಸು, ಗರಡಿ ಮಾಡು, ವಾಚನಾಲಯ ತೆರೆ, ಶಾಲೆ ನಡೆಸು. ಇನ್ನೊಂದು, ಅವನು ಬದುಕುವ ಪರಿಸರವನ್ನೇ ಬದಲಾಯಿಸುವ ದಾರಿ: ಬಾವಿ, ಶಾಲೆ, ಊರ ಚಾವಡಿಗಳಲ್ಲಿ ಅವನ ಹಕ್ಕನ್ನು ಕಾದಾಡಿ ಪಡೆಯುವುದು, ಅಂಗಡಿ ಕಾರ್ಖಾನೆಗಳಲ್ಲಿ ಸಮಾನ ಅವಕಾಶ ಕೊಡಿಸುವುದು, ಸವರ್ಣೀಯರ ಮನೆಯೊಳಕ್ಕೆ ಅವನನ್ನು ಅತಿಥಿಯಾಗಿಯೋ ಕೆಲಸದವನಾಗಿಯೋ ಕರೆಸುವುದು. ಎರಡನೆಯದನ್ನು ಹಿಡಿಯಿರಿ, ಹಿಡಿದರೆ ಗಲಭೆ ಆಗಬಹುದು, ಆದರೂ ಹಿಡಿಯಿರಿ ಎಂದು ಬರೆದರು. ಕೆಲಸಗಾರರು ಶೋಷಿತರ ನಡುವಿನಿಂದಲೇ ಬರಲಿ, ಪ್ರೀತಿ ಇದ್ದವರಿಗೇ ಸೇವೆ ಸಾಧ್ಯ ಎಂದು ಟಾಲ್‌ಸ್ಟಾಯ್ ಅವರನ್ನು ನೆನೆದುಕೊಂಡರು. ಈ ಕಾಗದ ತಲುಪಿತು ಎಂಬ ಒಂದು ಸಾಲಿನ ಉತ್ತರವೂ ತಮಗೆ ಬರಲಿಲ್ಲವೆಂದು 1945ರ ತಮ್ಮ ಪುಸ್ತಕದಲ್ಲಿ ಅವರೇ ದಾಖಲಿಸಿದ್ದಾರೆ.

ಸಂಘದ ಆಡಳಿತ ಮಂಡಳಿಯಲ್ಲಿ ಹರಿಜನರು ಏಕಿಲ್ಲ ಎಂದು ಕೇಳಿದವರಿಗೆ ಗಾಂಧೀಜಿ ಕೊಟ್ಟ ವಿವರಣೆಯೂ ಅಷ್ಟೇ ಮುಖ್ಯ. ಇದು ಸವರ್ಣೀಯರು ತಮ್ಮ ಪಾಪಕ್ಕೆ ಮಾಡಿಕೊಳ್ಳುವ ಪ್ರಾಯಶ್ಚಿತ್ತ; ಸಾಲ ತೀರಿಸುವವರು ಅವರು, ಆದ್ದರಿಂದ ಸಂಘವನ್ನು ನಡೆಸುವವರೂ ಅವರೇ; ಹರಿಜನರು ಸಲಹೆ ಕೊಡಲಿ. ಇದರ ತರ್ಕ ಸುಳ್ಳಲ್ಲ, ಅದರೊಳಗಿನ ನೋವೂ ಸುಳ್ಳಲ್ಲ. 1933–34ರಲ್ಲಿ ಆ ಮನುಷ್ಯ ಊರೂರು ಸುತ್ತಿದರು, 1934ರ ಜನವರಿಯಲ್ಲಿ ನಮ್ಮ ಮೈಸೂರು ಸಂಸ್ಥಾನಕ್ಕೂ ಬಂದರು. ಡಿ.ಆರ್. ನಾಗರಾಜ್ 1993ರ ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ ಗಾಂಧಿಯದು ಆತ್ಮಶುದ್ಧಿಯ ಮಾದರಿ, ಅಂಬೇಡ್ಕರರದು ಆತ್ಮಗೌರವದ ಮಾದರಿ ಎಂದು ಗುರುತಿಸಿ, ಮುಖಾಮುಖಿಯಲ್ಲಿ ಇಬ್ಬರೂ ಬದಲಾದರು ಎಂದು ವಾದಿಸಿದರು. ಇಬ್ಬರು ದೊಡ್ಡವರ ಮಟ್ಟಿಗೆ ಡಿ.ಆರ್. ಮಾತು ಒಪ್ಪಬಹುದು. ಆದರೆ ಆತ್ಮಶುದ್ಧಿಯ ಈ ಮಾದರಿ ಸರ್ಕಾರದ ಸುತ್ತೋಲೆಯಾಗಿ ಇಳಿದು ಬಂದಾಗ ಪಾಪಪ್ರಜ್ಞೆ ಸೋರಿಹೋಗಿ ಬರಿಯ ಸಿಪ್ಪೆ ಉಳಿಯಿತು. ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಿದ್ದೇನೆ ಎಂದು ಪೊರಕೆ ಹಿಡಿದವನಿಗೂ, ಹಾಜರಿ ಸಿಗುತ್ತದೆ ಎಂದು ಪೊರಕೆ ಹಿಡಿದವನಿಗೂ ನಡುವೆ ಒಂದು ಯುಗದ ಅಂತರವಿದೆ. ಕೇರಿಯ ಜಾಗ ಮಾತ್ರ ಇಬ್ಬರಿಗೂ ಒಂದೇ.

ಇನ್ನೊಂದು ಎಳೆ ಹೊರಗಿನಿಂದ ಬಂದದ್ದು, ಅದನ್ನು ಬೇಗ ಹೇಳಿ ಮುಗಿಸುತ್ತೇನೆ. 1884ರಲ್ಲಿ ಲಂಡನ್ನಿನ ಬಡವರ ಪೂರ್ವ ಭಾಗದಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್ ಹುಡುಗರು ಹೋಗಿ ನೆಲೆಸಲೆಂದು ಟಾಯ್ನ್‌ಬಿ ಹಾಲ್ ಕಟ್ಟಿದರು. 1889ರಲ್ಲಿ ಶಿಕಾಗೋದಲ್ಲಿ ಹಲ್ ಹೌಸ್ ಬಂತು. ಅದೇ ಜಾಡಿನಲ್ಲಿ ಅಮೆರಿಕದ ಮಿಶನರಿ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಮುಂಬೈಯ ನಾಗಪಾಡಾದಲ್ಲಿ ಕೆಲಸ ಮಾಡಿ, 1936ರಲ್ಲಿ ಟಾಟಾ ಹೆಸರಿನ ಸಮಾಜಕಾರ್ಯ ಶಾಲೆ ಶುರುಮಾಡಿದರು. ಇಂಡಿಯಾದ ಎಂ.ಎಸ್.ಡಬ್ಲ್ಯು. ಪದವಿಗೆಲ್ಲ ತಾಯಿಬೇರು ಅದು. ವಾರಕ್ಕೆ ಎರಡು ದಿನ ಕ್ಷೇತ್ರಕಾರ್ಯ, ಫೀಲ್ಡ್ ಡೈರಿ, ಕೇಸ್ ಸ್ಟಡಿ ಎಲ್ಲ ಅಲ್ಲಿಂದ ಬಂದದ್ದು. ಲಂಡನ್ನಿನ ಬಡವನಿಗೆ ಬಡತನ ಇತ್ತು, ಸೂತಕ ಇರಲಿಲ್ಲ. ಆ ಅಳತೆಗೆ ಹೊಲಿದ ಅಂಗಿಯನ್ನು ನಮ್ಮ ಕೇರಿಗೆ ತೊಡಿಸಿದರು.

ಈಗ 'ಸೇವೆ' ಎಂಬ ಮಾತಿಗೇ ಬರೋಣ. ಮೇಲ್ಜಾತಿ ಕನ್ನಡದಲ್ಲಿ ಸೇವೆಗೆ ದೇವಸ್ಥಾನದ ವಾಸನೆ ಇದೆ: ಅಭಿಷೇಕ ಸೇವೆ, ಅಲಂಕಾರ ಸೇವೆ, ರಸೀದಿ ಹರಿಸಿ ಮಾಡಿಸುವಂಥದ್ದು. ಕೇರಿಯ ಕನ್ನಡದಲ್ಲಿ ಅದಕ್ಕೆ ಸಮನಾದ ಮಾತು ಬಿಟ್ಟಿ ಚಾಕರಿ. ಸತ್ತ ದನ ಎಳೆಯುವುದು, ತಮಟೆ ಬಡಿದು ಸಾರುವುದು, ಸಾವಿನ ಸುದ್ದಿ ಹೊತ್ತು ಊರಿಂದೂರಿಗೆ ನಡೆಯುವುದು, ಅಧಿಕಾರಿ ಬಂದರೆ ಸೌದೆ ನೀರು ಒದಗಿಸುವುದು. ತೋಟಿ, ತಳವಾರ, ನೀರಗಂಟಿ, ಹಳೇಮಗ ಎಂದು ಅದಕ್ಕೆ ಹೆಸರುಗಳಿದ್ದವು, ಕಣದಲ್ಲಿ ಸಿಗುವ ಆಯ ಇತ್ತು, ಗಂಟೆಯ ಲೆಕ್ಕ ಇರಲಿಲ್ಲ. ಸಿದ್ದಲಿಂಗಯ್ಯನವರ 'ಊರುಕೇರಿ' ಓದಿದವರಿಗೆ ಶುರುವಿನಲ್ಲೇ ಬರುವ ಆ ಚಿತ್ರ ಮರೆಯುವುದಿಲ್ಲ: ಎತ್ತುಗಳ ಜಾಗದಲ್ಲಿ ನೊಗ ಹೊತ್ತ ಇಬ್ಬರು ಮನುಷ್ಯರು, ಅದರಲ್ಲೊಬ್ಬ ಹುಡುಗನ ಅಪ್ಪ. ಊರು ಮಾಗಡಿ ಕಡೆಯ ಮಂಚನಬೆಲೆ, ಇವತ್ತಿನ ಕೆಂಗೇರಿಯಿಂದ ಬಹಳ ದೂರವೇನಲ್ಲ. ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ ನಮ್ಮಲ್ಲಿ ಬಂದದ್ದು 1961ರಲ್ಲಿ, ಜಾರಿಯಾದದ್ದು 1963ರಲ್ಲಿ. ಜೀತ ಕಾನೂನಿನ ಪ್ರಕಾರ ಹೋದದ್ದು 1975ರ ಸುಗ್ರೀವಾಜ್ಞೆ, 1976ರ ಕಾಯ್ದೆಯಿಂದ.

ತಾರೀಖುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಹಳೇಮಗನ ಬಿಟ್ಟಿ ಕಾಗದದ ಮೇಲಾದರೂ ರದ್ದಾಗಿ ಆರು ವರ್ಷಕ್ಕೆ ವಿಶ್ವವಿದ್ಯಾಲಯಗಳು 'ಶ್ರಮದಾನ'ವನ್ನು ಕಂಡುಹಿಡಿದವು. ತಲೆತಲಾಂತರ ಶ್ರಮವನ್ನು ಪುಕ್ಕಟೆ ಕೊಟ್ಟವರು ಅದನ್ನು ದಾನ ಎಂದು ಕರೆಯಲಿಲ್ಲ. ಕರೆಯಲು ಹೊರಟಿದ್ದರೆ ಹಲ್ಲು ಉದುರುತ್ತಿತ್ತು. ದಾನವಾಗಬೇಕಾದರೆ ಕೊಡದಿರುವ ಸ್ವಾತಂತ್ರ್ಯ ಮೊದಲು ಇರಬೇಕಲ್ಲ. ಎನ್ನೆಸ್ಸೆಸ್ ಸ್ವಯಂಸೇವಕನಿಗೆ ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ ಎಂದು ನಿಯಮ ಮಾಡಿದರು, ಒಂದೊಂದು ಗಂಟೆಯನ್ನೂ ಡೈರಿಯಲ್ಲಿ ಬರೆಸಿದರು. ಕೊನೆಗೆ ಸರ್ಟಿಫಿಕೇಟು. ಪಶ್ಚಿಮ ಬೆಂಗಳೂರಿನ ಒಂದು ದೊಡ್ಡ ಬಡಾವಣೆಗೆ ಬಸವೇಶ್ವರನ ಹೆಸರಿದೆ. ಆ ಹನ್ನೆರಡನೇ ಶತಮಾನದವರು ಕಾಯಕ ಎಂದರು, ದಾಸೋಹ ಎಂದರು, ಜಂಗಮನಿಗೂ ಕಾಯಕ ಬಿಡದು ಎಂದರು. ಅಲ್ಲಿ ದುಡಿಯುವವನೇ ಕೊಡುವವನೂ ಆಗಿದ್ದ. ಬಸವೇಶ್ವರನಗರದ ಕಾಲೇಜು ಹುಡುಗನಿಗೆ ಈ ಮಾತು ಕನ್ನಡ ಪಠ್ಯದಲ್ಲಿ ಸಿಗುತ್ತದೆ, ಎನ್ನೆಸ್ಸೆಸ್ ಡೈರಿಯಲ್ಲಿ ಸಿಗುವುದಿಲ್ಲ.

ಯೋಜನೆ ದಿಢೀರನೆ ಹುಟ್ಟಲಿಲ್ಲ. 1959ರಲ್ಲಿ ಸಿ.ಡಿ. ದೇಶಮುಖ್ ಸಮಿತಿ ವಿದ್ಯಾರ್ಥಿಗಳಿಗೆ ರಾಷ್ಟ್ರೀಯ ಸೇವೆ ಇರಬೇಕೆಂದು ಯೋಚಿಸಿತ್ತು. ಚೀನಾ ಯುದ್ಧದ ಬಿಸಿಯಲ್ಲಿ 1963ರಿಂದ ಕಾಲೇಜುಗಳಲ್ಲಿ ಎನ್.ಸಿ.ಸಿ. ಕಡ್ಡಾಯವಾಯಿತು. ಬಂದೂಕಿನ ಕವಾಯತು ಎಲ್ಲರಿಗೂ ಬೇಡವಾದಾಗ, 1964–66ರ ಕೊಠಾರಿ ಆಯೋಗ ಶಿಕ್ಷಣದ ಎಲ್ಲ ಹಂತಗಳಲ್ಲೂ ಸಮಾಜಸೇವೆ ಇರಲಿ ಎಂದಿತು. 1967ರಲ್ಲಿ ರಾಜ್ಯಗಳ ಶಿಕ್ಷಣ ಮಂತ್ರಿಗಳು, ಆಮೇಲೆ ಕುಲಪತಿಗಳು ಒಪ್ಪಿದರು. ಹೀಗೆ ಕವಾಯತಿಗೆ ಬದಲಿಯಾಗಿ ಸೇವೆ ಬಂತು. ಖಾಕಿ ಬೇಡವೆಂದರೆ ಗುದ್ದಲಿ ಹಿಡಿ ಎನ್ನುವಂಥ ಏರ್ಪಾಡು.

ಆ ಹೊತ್ತಿನ ದೇಶ ಹೇಗಿತ್ತು? ಎನ್ನೆಸ್ಸೆಸ್ ಉದ್ಘಾಟನೆಗೆ ಒಂಬತ್ತು ತಿಂಗಳ ಮುಂಚೆ, 1968ರ ಡಿಸೆಂಬರ್ 25ರ ರಾತ್ರಿ, ತಂಜಾವೂರು ಜಿಲ್ಲೆಯ ಕೀಳ್ವೆಣ್ಮಣಿಯಲ್ಲಿ ಕೂಲಿ ಹೆಚ್ಚಿಗೆ ಕೇಳಿದ ದಲಿತರ 44 ಜೀವಗಳನ್ನು ಗುಡಿಸಲೊಳಗೆ ಸುಟ್ಟರು. ಹೆಚ್ಚಿನವರು ಹೆಂಗಸರು, ಮಕ್ಕಳು. 1969ರ ಜನವರಿಯಲ್ಲಿ ಎಲ್. ಇಳಯಪೆರುಮಾಳ್ ಸಮಿತಿ ಅಸ್ಪೃಶ್ಯತೆ ದೇಶದ ಉದ್ದಗಲಕ್ಕೂ ಹೇಗೆ ಜೀವಂತವಾಗಿದೆ ಎಂಬ ತನ್ನ ವರದಿಯನ್ನು ಕೇಂದ್ರಕ್ಕೆ ಕೊಟ್ಟಿತು. ವಿದ್ಯಾರ್ಥಿಗಳನ್ನು ಸಮಾಜಕ್ಕೆ ಪರಿಚಯಿಸಬೇಕೆಂದಿದ್ದರೆ ಆ ವರದಿಯನ್ನೇ ಮೊದಲ ಪಠ್ಯ ಮಾಡಬಹುದಿತ್ತು. ಎನ್ನೆಸ್ಸೆಸ್ಸಿನ ಉದ್ದೇಶಗಳ ಪಟ್ಟಿ ಹೇಳುವುದು ಬೇರೆ: ತಾವು ಕೆಲಸ ಮಾಡುವ ಸಮುದಾಯವನ್ನು ಅರಿಯುವುದು, ಸಮುದಾಯದ ಅಗತ್ಯಗಳನ್ನು ಗುರುತಿಸುವುದು, ಸಮುದಾಯವನ್ನು ತೊಡಗಿಸುವುದು, ಸಾಮಾಜಿಕ ಸಾಮರಸ್ಯ ಬೆಳೆಸುವುದು. ಎಲ್ಲ ಕಡೆಯೂ ಸಮುದಾಯ ಏಕವಚನ. ಊರು ಯಾವುದು, ಕೇರಿ ಯಾವುದು ಎಂಬ ಪ್ರಶ್ನೆಗೆ ಆ ವ್ಯಾಕರಣದಲ್ಲಿ ಜಾಗವಿಲ್ಲ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಪಶ್ಚಿಮ ಬೆಂಗಳೂರಿನ ನೆಲ ನೋಡಬೇಕು. ಮೆಜೆಸ್ಟಿಕ್ಕಿನ ಪಡುವಣಕ್ಕೆ ಬಿನ್ನಿ, ಮಿನರ್ವ ಮೊದಲಾದ ಮಿಲ್ಲುಗಳು. ಮಿಲ್ಲಿನ ಹಿಂದೆ ಮುಂದೆ ಗುಡಿಸಲು ಹಾಕಿಕೊಂಡ ಕೂಲಿಗಳು, ಮಾಗಡಿ, ಕನಕಪುರ ಕಡೆಯಿಂದಲೂ ತಮಿಳು ಸೀಮೆಯಿಂದಲೂ ಬಂದ ಹೊಲೆಯ ಮಾದಿಗರು, ಪರೆಯರು. ಶ್ರೀರಾಮಪುರ, ಓಕಳಿಪುರ, ಗೋಪಾಲಪುರ ಹೀಗೆ ತುಂಬಿದವು. 1949ರಲ್ಲಿ ರಾಜಗೋಪಾಲಾಚಾರಿ ಹೆಸರಲ್ಲಿ ರಾಜಾಜಿನಗರವೆಂಬ ಕೈಗಾರಿಕಾ ಉಪನಗರ ಶುರುವಾಯಿತು. ಆಮೇಲೆ ವಿಜಯನಗರ, ಬಸವೇಶ್ವರನಗರ. ಬಡಾವಣೆಗೆ ಸೈಟು ಹಂಚಿದ ನಕ್ಷೆಯಲ್ಲಿ ಕಕ್ಕಸು ತೊಳೆಯುವವರ, ಕಟ್ಟಡ ಕಟ್ಟುವವರ ಮನೆ ಇರುವುದಿಲ್ಲ. ಅವರು ರಾಜಕಾಲುವೆಯ ದಡದಲ್ಲೋ ರೈಲುಹಳಿಯ ಪಕ್ಕದಲ್ಲೋ ಇರಬೇಕು. 1973ರಲ್ಲಿ ಕೊಳಚೆ ಪ್ರದೇಶಗಳ ಕಾಯ್ದೆ, 1975ರಲ್ಲಿ ಕೊಳಚೆ ನಿರ್ಮೂಲನ ಮಂಡಳಿ. ಮುಂದೆ ಲಗ್ಗೆರೆಯಂಥ ಕಡೆ ಮಂಡಳಿಯ ಮನೆಗಳು ಎದ್ದವು, ಊರೊಳಗಿಂದ ಎಬ್ಬಿಸಿದವರನ್ನು ಅಂಚಿಗೆ ಕಳಿಸಿದರು.

ಅದೇ 1973ರಲ್ಲಿ, 1964ರಲ್ಲಿ ಹುಟ್ಟಿದ್ದ ಬೆಂಗಳೂರು ವಿಶ್ವವಿದ್ಯಾಲಯ ಸಾವಿರಕ್ಕೂ ಹೆಚ್ಚು ಎಕರೆಯ ಜ್ಞಾನಭಾರತಿಗೆ ಬಂತು. ಪಕ್ಕದ ನಾಗರಬಾವಿಯಲ್ಲಿ 1972ರಲ್ಲಿ ಸಾಮಾಜಿಕ ಮತ್ತು ಆರ್ಥಿಕ ಪರಿವರ್ತನೆಯ ಅಧ್ಯಯನ ಸಂಸ್ಥೆ ಹುಟ್ಟಿತು. ಕಟ್ಟಿದವರು ಯಾರು? ಎನ್ನೆಸ್ಸೆಸ್ ಉದ್ಘಾಟಿಸಿದ ಅದೇ ವಿ.ಕೆ.ಆರ್.ವಿ. ರಾವ್. ಬಳ್ಳಾರಿಯಿಂದ ಲೋಕಸಭೆಗೆ ಗೆದ್ದವರು, ಕೇನ್ಸ್ ಅವರ ಶಿಷ್ಯರು, ದೆಹಲಿಯಲ್ಲಿ ಎರಡು ದೊಡ್ಡ ಸಂಸ್ಥೆ ಕಟ್ಟಿ ಬಂದವರು. 1980ರ ದಶಕದ ಕೊನೆಗೆ ಅಲ್ಲೇ ರಾಷ್ಟ್ರೀಯ ಕಾನೂನು ಶಾಲೆ ಬಂತು. ಹೀಗೆ ಸಮಾಜವನ್ನು ಅಧ್ಯಯನ ಮಾಡುವ, ಸಮಾಜಕ್ಕೆ ಸೇವೆ ಸಲ್ಲಿಸುವ, ಸಮಾಜಕ್ಕೆ ಕಾನೂನು ಹೇಳುವ ಮೂರು ಮನೆಗಳು ಒಂದೆರಡು ಮೈಲಿಯೊಳಗೆ ಸೇರಿಕೊಂಡವು. ಇವರ ಸೇವೆಗೆ, ಸರ್ವೆಗೆ, ಸಹಿಗೆ ಹತ್ತಿರದಲ್ಲೇ ಸಿಗುವ ಜನ ಬೇಕಾಗಿತ್ತು, ಕೇರಿಗಳು ಸಿಕ್ಕವು. ಒಂದೇ ಬೀದಿಗೆ ಬೆಳಗ್ಗೆ ಎಂ.ಎಸ್.ಡಬ್ಲ್ಯು. ಹುಡುಗರು, ಮಧ್ಯಾಹ್ನ ನರ್ಸಿಂಗ್ ಹುಡುಗಿಯರು, ಭಾನುವಾರ ಎನ್ನೆಸ್ಸೆಸ್ಸು. 'ನಿಮಗೆ ಎಷ್ಟು ಮಕ್ಕಳು, ಕುಡಿಯುವ ನೀರು ಎಲ್ಲಿಂದ, ಗಂಡ ಕುಡಿಯುತ್ತಾನಾ' ಎಂಬ ಮೂರು ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನಮ್ಮ ಹೆಂಗಸರಿಗೆ ಬಾಯಿಪಾಠವಾಗಿದೆ. ಮೊದಲನೆಯದಕ್ಕೂ ಮೂರನೆಯದಕ್ಕೂ ಉತ್ತರ ಸಿಕ್ಕರೆ ಸಾಕು, ಫಾರಂ ತುಂಬಿತು. ಎರಡನೆಯದಕ್ಕೆ ನಲ್ಲಿ ಹಾಕಿಸುವವರು ಬೇರೆ ಯಾರೋ.

'ದತ್ತು ಗ್ರಾಮ' ಎಂಬ ಮಾತನ್ನೂ ಸ್ವಲ್ಪ ತಡವಿ ನೋಡಬೇಕು. ಕಾಲೇಜು ಒಂದು ಹಳ್ಳಿಯನ್ನು ದತ್ತು ತೆಗೆದುಕೊಳ್ಳುತ್ತದೆ. ಮಕ್ಕಳಿಲ್ಲದವರು ಮಗುವನ್ನು ತೆಗೆದುಕೊಂಡ ಹಾಗೆ. ಆ ಮಗು ಎಂಟುನೂರು ವರ್ಷ ಹಳೆಯ ಊರು, ತನ್ನದೇ ಗೌಡಿಕೆ, ತನ್ನದೇ ಬಹಿಷ್ಕಾರ, ತನ್ನದೇ ಎರಡು ಬಾವಿ ಇಟ್ಟುಕೊಂಡದ್ದು. ದತ್ತು ತೆಗೆದುಕೊಳ್ಳುವಾಗ ಮಾತುಕತೆ ಊರಿನ ಹಿರಿಯರ ಜೊತೆ, ಊರಿನ ದೇವಸ್ಥಾನದ ಜಗಲಿ ಮೇಲೆ ಆಗುತ್ತದೆ. 2014ರ ಉನ್ನತ ಭಾರತ ಅಭಿಯಾನದಲ್ಲೂ ಒಂದೊಂದು ಸಂಸ್ಥೆ ಐದೈದು ಹಳ್ಳಿ ದತ್ತು ತೆಗೆದುಕೊಳ್ಳಬೇಕೆಂದಿತು. ನಮ್ಮ ಕಡೆ ಇನ್ನೂ ಒಂದು ತಮಾಷೆ. ಜ್ಞಾನಭಾರತಿ, ಉಲ್ಲಾಳು, ಕೆಂಗೇರಿ ಸುತ್ತಿನ ಹಳ್ಳಿಗಳೆಲ್ಲ ಬಡಾವಣೆಗಳಾಗಿ, 2007ರಲ್ಲಿ ಕೆಂಗೇರಿ ಪುರಸಭೆಯೂ ಬೃಹತ್ ಬೆಂಗಳೂರಿಗೆ ಸೇರಿತು. ಜಮೀನು ಇದ್ದವರು ಸೈಟು ಮಾಡಿ ಮಾರಿ ಬಾಡಿಗೆ ಕಟ್ಟಡ ಎಬ್ಬಿಸಿದರು. ಊರು ಮಾಯವಾಯಿತು. ಜಮೀನಿಲ್ಲದ ಕೇರಿ 'ಎ.ಕೆ. ಕಾಲೊನಿ' ಎಂಬ ಹೆಸರಲ್ಲಿ ಅಲ್ಲೇ ಉಳಿದಿದೆ.

ನಾನು ಎಂಬತ್ತರ ದಶಕದಲ್ಲಿ ಮಾಗಡಿ ರಸ್ತೆ ಕಡೆಯ ಒಂದು ಕಾಲೇಜಿನಲ್ಲಿ ಡಿಗ್ರಿ ಓದುವಾಗ ಹತ್ತು ದಿನದ ಕ್ಯಾಂಪಿಗೆ ಹೋಗಿದ್ದೆ. ಆಗ ಕ್ಯಾಂಪು ಹತ್ತು ದಿನ, ಈಗ ಏಳಕ್ಕೆ ಇಳಿದಿದೆ. ಬರಗಾಲದ ವಿರುದ್ಧ ಯುವಜನ, ಕೊಳಕು ರೋಗಗಳ ವಿರುದ್ಧ ಯುವಜನ ಎಂದು ಎಪ್ಪತ್ತರ ದಶಕದಲ್ಲಿ ಕ್ಯಾಂಪಿಗೊಂದು ಘೋಷಣೆ ಇರುತ್ತಿತ್ತು, ಅದರ ಬಾಲ ನಮ್ಮ ಕಾಲದವರೆಗೂ ಬಂದಿತ್ತು. ಊರ ಶಾಲೆಯಲ್ಲಿ ವಾಸ್ತವ್ಯ, ಪಟ್ಟಣದಿಂದಲೇ ಕರೆತಂದ ಅಡುಗೆಯವರು. ಬೆಳಗಿನ ಹೊತ್ತು ಮೋರಿ ತೆಗೆಯುವುದು. ಮೋರಿ ಊರ ದೊಡ್ಡ ಬೀದಿಯಲ್ಲಿ ಶುರುವಾಗಿ ಇಳಿಜಾರಿಗೆ ಸಾಗಿ ಕೇರಿಯ ಬಾಯಿಗೆ ಬಂದು ನಿಂತಿತು. ಅಲ್ಲಿಗೆ ಹತ್ತನೇ ದಿನ. ಊರಿನ ಬಚ್ಚಲು ನೀರನ್ನು ಶಿಸ್ತಾಗಿ ಕೇರಿಗೆ ತಲುಪಿಸಿದ್ದೆವು. ಬಚ್ಚಲು ನೀರು ಮುಂಚೆ ಊರಲ್ಲೇ ಅಲ್ಲಲ್ಲಿ ಇಂಗುತ್ತಿತ್ತಂತೆ. ಆ ದಿನ ಕೇರಿಯ ಒಬ್ಬ ಅಜ್ಜಿ ನನ್ನನ್ನೇ ನೋಡುತ್ತಾ ನಿಂತಿದ್ದಳು. 'ಯಾರ ಮಗನಪ್ಪ ನೀನು?' ಅಂದಳು. ಹೇಳಿದೆ. ಅವಳಿಗೆ ಅರ್ಥವಾಯಿತು, ನಮ್ಮ ಜನಕ್ಕೆ ಊರಿನ ಹೆಸರು, ಅಪ್ಪನ ಹೆಸರು ಎರಡು ಸಾಕು. 'ಮೋರಿ ಬಾಚಕ್ಕೆ ಕಾಲೇಜ್ಗೆ ಯಾಕಪ್ಪ ಓಗ್ಬೇಕಿತ್ತು? ಊರಲ್ಲೇ ಇದ್ದಿದ್ರೂ ಬಾಚ್ತಿದ್ದೆಯಲ್ಲ' ಅಂದು ನಕ್ಕು, ಒಳಗೆ ಹೋಗಿ ಒಂದು ಲೋಟ ಬೆಲ್ಲದ ಕಾಫಿ ತಂದಳು. ಜೊತೆಗಿದ್ದವರಿಗೆ ಬೇಕಾ ಎಂದು ಅವಳು ಕೇಳಲಿಲ್ಲ. ಅವರೂ ಬೇರೆ ಕಡೆ ನೋಡುತ್ತಿದ್ದರು. ರಾತ್ರಿ ದೇವಸ್ಥಾನದ ಮುಂದೆ ಸಾಂಸ್ಕೃತಿಕ ಕಾರ್ಯಕ್ರಮ; ಅಸ್ಪೃಶ್ಯತೆ ಪಾಪ ಎಂಬ ನಾಟಕ ಆಡಿದೆವು. ಕೇರಿಯವರು ಕರೆಂಟು ಕಂಬದ ಆಚೆ ನಿಂತು ನೋಡಿದರು, ಚಪ್ಪಾಳೆಯನ್ನೂ ತಟ್ಟಿದರು.

ಆ ಅಜ್ಜಿಯ ಮಾತಿನಲ್ಲಿ ಒಂದು ಸಿದ್ಧಾಂತವೇ ಇದೆ. ಸೇವೆಯ ಯೋಜನೆಗಳು ಸ್ವಯಂಸೇವಕನಿಗೆ ಜಾತಿಯಿಲ್ಲ ಎಂದುಕೊಂಡೇ ಹೊರಡುತ್ತವೆ. ಗುದ್ದಲಿ ಹಿಡಿದ ಬ್ರಾಹ್ಮಣ, ಒಕ್ಕಲಿಗ, ಲಿಂಗಾಯತ ಹುಡುಗನಿಗೆ ಅದು ಹೊಸ ಅನುಭವ, ವ್ಯಕ್ತಿತ್ವ ವಿಕಸನ. ಫೋಟೋ ತೆಗೆಸಿಕೊಳ್ಳಬಹುದು. ಪೌರಕಾರ್ಮಿಕಳ ಮಗನಿಗೆ ಅದು ಏನು? ಅವನು ಓಡಿ ತಪ್ಪಿಸಿಕೊಂಡು ಬಂದ ಜಾಗಕ್ಕೇ ಅವನನ್ನು ಹಾಜರಿ ಹಾಕಿ ಕಳಿಸಲಾಗುತ್ತದೆ.

ಈ ಚರಿತ್ರೆಗೆ ಇನ್ನೊಂದು ಮಗ್ಗುಲು ಇದೆ, ಅದು ವಿಶ್ವವಿದ್ಯಾಲಯದ ಫೈಲುಗಳಲ್ಲಿ ಸಿಗುವುದಿಲ್ಲ. ಗೋಪಾಲಪುರದಲ್ಲಿ ಗೋಪಾಲಸ್ವಾಮಿ ಅಯ್ಯರ್ ಹೆಸರಿನ ದಲಿತ ವಿದ್ಯಾರ್ಥಿಗಳ ಹಾಸ್ಟೆಲು ಇತ್ತು. ಅದೂ ಒಬ್ಬ ಬ್ರಾಹ್ಮಣ ಸುಧಾರಕರ ಸೇವೆಯ ಫಲವೇ, ಅದನ್ನು ಮರೆಯಲಾಗದು. ಶ್ರೀರಾಮಪುರದಲ್ಲಿ ಬೆಳೆದ ಸಿದ್ದಲಿಂಗಯ್ಯ ಅಲ್ಲಿದ್ದು ಓದಿದವರು. 1973ರ ನವೆಂಬರಿನಲ್ಲಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದರು. ಪೌರಾಡಳಿತ ಮಂತ್ರಿಯಾಗಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದ ಮನುಷ್ಯ. ಮಂತ್ರಿಗಿರಿ ಹೋಯಿತು. ಅವರ ಪರ ನಿಂತ ದಲಿತ ಹುಡುಗರಿಗೆ ಕಾಲೇಜುಗಳಲ್ಲಿ, ಹಾಸ್ಟೆಲುಗಳಲ್ಲಿ ಏಟು ಬಿತ್ತು. ಕನ್ನಡ ಎಂ.ಎ. ಓದಿದವರೂ, ದೇಶಸೇವೆಯ ಭಾಷಣ ಕೇಳಿದವರೂ ಕಲ್ಲು ಹೊಡೆದವರಲ್ಲಿ ಇದ್ದರು. ಏಟು ತಿಂದ ಹುಡುಗರು ಹಾಸ್ಟೆಲಿನಿಂದ ಕೇರಿಗೆ ನಡೆದರು. ಬಿ. ಕೃಷ್ಣಪ್ಪನವರ ನಾಯಕತ್ವದಲ್ಲಿ ದಲಿತ ಸಂಘರ್ಷ ಸಮಿತಿ ಎದ್ದಾಗ, 1975ರಲ್ಲಿ 'ಹೊಲೆಮಾದಿಗರ ಹಾಡು' ಬಂದಾಗ, ಹಾಡು ಕಲಿಸಲು, ಅರ್ಜಿ ಬರೆದುಕೊಡಲು, ಪೊಲೀಸ್ ಠಾಣೆಗೆ ಜೊತೆಗೆ ಹೋಗಲು, ಅಂಬೇಡ್ಕರ್ ಜಯಂತಿಗೆ ಚಂದಾ ಎತ್ತಲು ಸಂಜೆ ಸಂಜೆ ಕೇರಿಗೆ ಬಂದ ವಿದ್ಯಾರ್ಥಿಗಳಿದ್ದರಲ್ಲ, ಅವರದ್ದು ಯಾವ ಪೇಪರು? ಯಾವ ಸೆಮಿಸ್ಟರು? ಅಂಬೇಡ್ಕರ್ ಠಕ್ಕರ್ ಅವರಿಗೆ ಬರೆದ ಎರಡನೇ ದಾರಿ ಅದು. ಸಿದ್ದಲಿಂಗಯ್ಯನವರು ಮುಂದೆ ಗ್ರಾಮದೇವತೆಗಳ ಮೇಲೆ ಡಾಕ್ಟರೇಟಿಗೆ ಬರೆದದ್ದೂ ಒಂದು ಕ್ಷೇತ್ರಕಾರ್ಯವೇ. ಕೇರಿಯವನು ತನ್ನ ದೇವರನ್ನೇ ಹೋಗಿ ಕೇಳಿಕೊಂಡು ಬಂದದ್ದು.

ಈಚಿನ ಕತೆ ಎಲ್ಲರಿಗೂ ಗೊತ್ತಿರುವಂಥದ್ದು, ಆದರೂ ಲೆಕ್ಕ ಹಾಕಬೇಕು. 2014ರ ಅಕ್ಟೋಬರ್ 2ರಿಂದ ಸ್ವಚ್ಛ ಭಾರತ. 2018ರ ಬೇಸಿಗೆಯಲ್ಲಿ ಸ್ವಚ್ಛ ಭಾರತ ಇಂಟರ್ನ್‌ಶಿಪ್: 100 ಗಂಟೆ ಕೆಲಸ ಮಾಡಿದ ವಿದ್ಯಾರ್ಥಿಗೆ 2 ಕ್ರೆಡಿಟ್ ಕೊಡಬಹುದೆಂದು ಯು.ಜಿ.ಸಿ. ಹೇಳಿತು. ನೂರು ಗಂಟೆ ಎಂದರೆ ಒಬ್ಬ ಪೌರಕಾರ್ಮಿಕಳಿಗೆ ಹೆಚ್ಚುಕಡಿಮೆ ಎರಡು ವಾರದ ದುಡಿಮೆ. ಮೂವತ್ತು ವರ್ಷ ರಾಜಾಜಿನಗರದ ಬೀದಿ ಗುಡಿಸಿದವಳಿಗೆ ಈ ದರದಲ್ಲಿ ಎಷ್ಟು ಪದವಿ ಆಗಬೇಕಿತ್ತು, ಗಣಿತದವರು ಹೇಳಲಿ. ಅವಳಿಗೆ ಸಿಕ್ಕದ್ದು ಗುತ್ತಿಗೆದಾರನ ಮಸ್ಟರ್ ರೋಲು. 2022ರ ಜುಲೈ ಮೊದಲ ವಾರ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಖಾಯಮಾತಿಗೆ ಕೂತರು. 2025ರ ಮೇ 1ರಂದು ಬೆಂಗಳೂರಿನ ಹನ್ನೆರಡು ಸಾವಿರಕ್ಕೂ ಹೆಚ್ಚು ಮಂದಿಗೆ ನೇಮಕಾತಿ ಪತ್ರ ಕೈಗೆ ಬಂತು. ಅವರನ್ನು ಖಾಯಂ ಮಾಡಿಸಿದ್ದು ಅವರ ಸಂಘಟನೆ.

ಇಂಜಿನಿಯರಿಂಗಿನ ಕಡೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 2021ರ ಸ್ಕೀಮಿನಲ್ಲಿ 'ಸೋಷಿಯಲ್ ಕನೆಕ್ಟ್ ಅಂಡ್ ರೆಸ್ಪಾನ್ಸಿಬಿಲಿಟಿ' ಎಂಬ ಪತ್ರಿಕೆ ಇಟ್ಟಿತು. ಅದರ ಐದು ಭಾಗಗಳನ್ನು ನೋಡಿ: ಗಿಡ ನೆಟ್ಟು ದತ್ತು ತೆಗೆದುಕೊಳ್ಳುವುದು, ಪಾರಂಪರಿಕ ತಾಣಗಳ ನಡಿಗೆ ಮತ್ತು ಕರಕುಶಲ, ಸಾವಯವ ಕೃಷಿ ಮತ್ತು ಕಸ ನಿರ್ವಹಣೆ, ನೀರಿನ ಸಂರಕ್ಷಣೆ, ಊಟದ ನಡಿಗೆ. ದತ್ತು ಪದ ಹಳ್ಳಿಯಿಂದ ಗಿಡಕ್ಕೆ ಬಂತು, ಗಿಡ ತಿರುಗಿ ಮಾತಾಡುವುದಿಲ್ಲ. ಊಟದ ನಡಿಗೆ ಮಸಾಲೆ ದೋಸೆಯಲ್ಲಿ ಮುಗಿಯುತ್ತದೋ ದನದ ಮಾಂಸದ ಅಂಗಡಿವರೆಗೂ ಹೋಗುತ್ತದೋ ಕೇಳಬೇಡಿ. ನಾಲ್ಕು ವರ್ಷದ ಪದವಿಯ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಕರ್ನಾಟಕ 2021–22ರಲ್ಲಿ ಅವಸರದಲ್ಲಿ ತಂದು, 2024–25ಕ್ಕೆ ಕೈಬಿಟ್ಟು ಮೂರು ವರ್ಷಕ್ಕೆ ಮರಳಿತು. ಸುಖದೇವ್ ಥೋರಟ್ ಆಯೋಗ 2025ರ ಆಗಸ್ಟಿನಲ್ಲಿ ರಾಜ್ಯದ್ದೇ ಶಿಕ್ಷಣ ನೀತಿಯ ವರದಿ ಕೊಟ್ಟಿದೆ. ಥೋರಟ್ ಅವರು ಅಂಬೇಡ್ಕರ್ ಅರ್ಥಶಾಸ್ತ್ರವನ್ನು ಅರೆದು ಕುಡಿದವರು. ಸಮುದಾಯ ಸೇವೆಯ ಗಂಟೆಗಳನ್ನು ಯಾರು, ಯಾವುದಕ್ಕೆ ಬಳಸಬೇಕೆಂಬ ಜಗಳವನ್ನು ನಾವು ತೆಗೆಯುವುದಾದರೆ ಇದು ಹೊತ್ತು.

ಹಾಗಾದರೆ ಹುಡುಗರು ಕೇರಿಗೆ ಬರುವುದೇ ಬೇಡವೇ? ಬೇಡ ಎನ್ನುವವರು ನಮ್ಮಲ್ಲೂ ಇದ್ದಾರೆ. ನಾನು ಆ ಪೈಕಿ ಅಲ್ಲ. ಬರಲಿ, ಕೈಯಲ್ಲಿ ಕೆಲಸ ಇಟ್ಟುಕೊಂಡು ಬರಲಿ. ವಕೀಲರ ಪರಿಷತ್ತಿನ 2008ರ ನಿಯಮದಂತೆ ಐದು ವರ್ಷದ ಕಾನೂನು ವಿದ್ಯಾರ್ಥಿ 20 ವಾರ, ಮೂರು ವರ್ಷದವನು 12 ವಾರ ಇಂಟರ್ನ್‌ಶಿಪ್ ಮಾಡಲೇಬೇಕು. ಅದರಲ್ಲಿ ಎರಡು ವಾರ ಕೆಂಗೇರಿಯ ಕಾಲೊನಿಯಲ್ಲಿ ಕೂತು ಹಕ್ಕುಪತ್ರದ, ಜಾತಿ ಸರ್ಟಿಫಿಕೇಟಿನ, ಪಿ.ಎಫ್. ಬಾಕಿಯ ಅರ್ಜಿಗಳನ್ನು ಬರೆದರೆ, 1989ರ ದೌರ್ಜನ್ಯ ತಡೆ ಕಾಯ್ದೆಯಡಿ ದೂರು ದಾಖಲಿಸದ ಠಾಣೆಯ ಮುಂದೆ ನಮ್ಮ ಹುಡುಗನ ಪಕ್ಕ ನಿಂತರೆ, ಕಾನೂನನ್ನೂ ಕಲಿಯುತ್ತಾನೆ, ಠಾಣೆಯನ್ನೂ ಕಲಿಯುತ್ತಾನೆ. ಸಿವಿಲ್ ಇಂಜಿನಿಯರಿಂಗ್ ಹುಡುಗ ರಾಜಕಾಲುವೆಯ ಮಟ್ಟ ಅಳೆದು, ಮಳೆನೀರು ಯಾರ ಮನೆಗೆ ಏಕೆ ನುಗ್ಗುತ್ತದೆ ಎಂಬ ನಕ್ಷೆಯನ್ನು ಕಾಲೊನಿಯ ಸಂಘದ ಕೈಗೆ ಕೊಡಲಿ. ಎರಡೂ ಅಗ್ಗದ ಕೆಲಸ. ಮೇಲ್ಜಾತಿಯ ವಿದ್ಯಾರ್ಥಿಗಳಿಗೆ ಇನ್ನೂ ಹತ್ತಿರದ ಕ್ಷೇತ್ರವೊಂದಿದೆ: ಬಾಡಿಗೆ ಮನೆ ಕೇಳಿಕೊಂಡು ಬಂದವರ ಜಾತಿ ವಿಚಾರಿಸುವ ತಮ್ಮದೇ ವಠಾರ. ಅಂಬೇಡ್ಕರ್ ಕೇಳಿದ್ದು ಆ ಕ್ಷೇತ್ರಕಾರ್ಯವನ್ನೂ.

ಮಾರ್ಕ್ಸು ಹಾಕುವವರು ಯಾರು ಎಂಬ ಪ್ರಶ್ನೆ ಉಳಿದಿದೆ. ಈಗ ಡೈರಿಗೆ ಸಹಿ ಹಾಕುವವರು ಮೇಷ್ಟ್ರು, ಇಲ್ಲವೇ ಎನ್.ಜಿ.ಓ. ಅಧಿಕಾರಿ. ಕಾಲೊನಿಯ ಹೆಂಗಸರ ಸಂಘ, ಪೌರಕಾರ್ಮಿಕರ ಯೂನಿಯನ್ನು ಸಹಿ ಹಾಕುವಂತೆ ನಿಯಮ ಮಾಡಲಿ ನೋಡೋಣ. ಎಷ್ಟು ಹುಡುಗರು ಪಾಸಾಗುತ್ತಾರೆ?

ಎನ್ನೆಸ್ಸೆಸ್ ಕಚೇರಿಗಳಲ್ಲಿ ಗಂಟೆಗಳ ಲೆಕ್ಕ ಬೀರು ತುಂಬ ಇದೆ. ಶ್ರೀರಾಮಪುರ, ಓಕಳಿಪುರ, ಗೋಪಾಲಪುರಗಳಲ್ಲಿ ಎಪ್ಪತ್ತರ ದಶಕದ ಸಂಜೆಗಳಲ್ಲಿ ಹಾಡು ಕಲಿಸಿದ, ಅರ್ಜಿ ಬರೆದ ಹುಡುಗ ಹುಡುಗಿಯರು ಈಗ ನಿವೃತ್ತಿಯ ವಯಸ್ಸು ದಾಟಿದ್ದಾರೆ. ಅವರ ಕರಪತ್ರ, ಚಂದಾ ಪುಸ್ತಕ, ಸಭೆಯ ನಡವಳಿ, ಒಂದೆರಡು ಕಪ್ಪುಬಿಳುಪು ಫೋಟೋ ಹಳೆಯ ಟ್ರಂಕುಗಳಲ್ಲಿ ಗೆದ್ದಲು ಹಿಡಿಯುತ್ತಿವೆ. ಓದುಗರ ಪೈಕಿ ಯಾರ ಮನೆಯಲ್ಲಾದರೂ ಅಂಥವು ಇದ್ದರೆ ಈ ಪತ್ರಿಕೆಗೆ ಕಳಿಸಿಕೊಡಿ. ಜೆರಾಕ್ಸ್ ಮಾಡಿಸಿಕೊಂಡು ಮೂಲವನ್ನು ವಾಪಸು ಮುಟ್ಟಿಸುತ್ತೇವೆ.